ಇನ್ನೆರಡು ಗಂಟೆ

ಹೋದ ತಿಂಗಳು ನಂಜುಂಡನ ಮಗಳ ಮದುವೆಯ ಚಪ್ಪರದ ದಿನ. ಬೆಳಿಗ್ಗೆ ಅವರ ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದರು. ಹಿಂದಿನ ದಿನ ಬೇರೆ ಯಾವುದೋ ಊರಿನಲ್ಲಿ ಮಳೆಗೆ ನೆನೆದ ಬಟ್ಟೆ, ಒಣಗಿಸದೆ ಹಾಗೇ ಮಡಿಚಿ ತಂದಿದ್ದರು. ಮಡಿಕೆ ಬಿಚ್ಚುತ್ತಿದ್ದ ಹಾಗೆ ಒದ್ದೆ ಕ್ಯಾನ್ವಾಸಿನ ಮುಗ್ಗಲು ವಾಸನೆ ಅಂಗಳವನ್ನೆಲ್ಲ ತುಂಬಿತು. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ ನಾನು ಲೋಟವನ್ನು ಕೆಳಗಿಟ್ಟೆ. ಹದಿನೆಂಟು ವರ್ಷದ ಹಿಂದೆ ನಾನೂ ನಂಜುಂಡನೂ ಮೂರು ತಿಂಗಳು ಒಂದೇ ಡೇರೆಯಲ್ಲಿ ಮಲಗಿ ಎದ್ದದ್ದು ಇದೇ ವಾಸನೆಯ ನಡುವೆ.

ನಾನು ಗುಬ್ಬಿ ತಾಲ್ಲೂಕಿನ ಕಡಬದವನು. ಈಗ ನಿವೃತ್ತನಾಗಿ ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಕೆಲಸ ಮಾಡಿದ್ದು ದೇಶದ ನಕ್ಷೆ ತಯಾರಿಸುವ ಇಲಾಖೆಯಲ್ಲಿ. ನಮ್ಮ ಕಡೆ ಸರ್ವೆ ಎಂದರೆ ಬದು, ಪೋಡಿ, ಹದ್ದುಬಸ್ತು ಅಷ್ಟೇ. ಇವತ್ತಿಗೂ ಯಾರಾದರೂ ಪಹಣಿ ಹಿಡಿದು ಬಂದು "ನಮ್ಮ ತೋಟಾನ ಸ್ವಲ್ಪ ಅಳೆದುಕೊಡಿ ಸಾರ್" ಎನ್ನುತ್ತಾರೆ. ಮೂವತ್ತೈದು ವರ್ಷ ಅಳೆದ ನಾನು ಒಂದು ತೆಂಗಿನ ತೋಟವನ್ನೂ ಅಳೆದವನಲ್ಲ ಎಂದರೆ ನಂಬುವುದಿಲ್ಲ. ನಾನು ಅಳೆದದ್ದೆಲ್ಲ ಮನುಷ್ಯರಿಲ್ಲದ ಜಾಗ. ಅಲ್ಲಿ ಬದುವಿಗೆ ಜಗಳವಾಡುವವರು ಇರಲಿಲ್ಲ, ನನ್ನ ಅಳತೆ ತಪ್ಪು ಎನ್ನುವವರೂ ಇರಲಿಲ್ಲ. ಅದಕ್ಕೇ ಇರಬೇಕು, ನನಗೆ ನನ್ನ ಕೆಲಸದ ಬಗ್ಗೆ ಒಂದು ಕೊಬ್ಬು ಇತ್ತು.

ಆ ವರ್ಷ ನಮ್ಮ ತಂಡವನ್ನು ಹಾಕಿದ್ದು ಈಶಾನ್ಯದ ತುದಿಯ ಒಂದು ಬೆಟ್ಟಸಾಲಿಗೆ. ರಸ್ತೆ ಮುಗಿದ ಮೇಲೆ ಐದು ದಿನ ನಡಿಗೆ. ದಸರಾ ಮುಗಿಸಿಕೊಂಡು ಹೊರಟರೆ ಹಿಮ ಬೀಳುವುದರೊಳಗೆ ಕೆಲಸ ಮುಗಿಯಬೇಕು. ನಂಜುಂಡ ಇಲಾಖೆಯಲ್ಲಿ ಖಲಾಸಿ. ಎಂದರೆ ಸಾಮಾನು ಹೊರುವುದರಿಂದ ಹಿಡಿದು ಡೇರೆ ಹಾಕುವ, ಅಡುಗೆ ಮಾಡುವ, ಅಳತೆ ಬರೆದುಕೊಳ್ಳುವ ತನಕ ಎಲ್ಲದಕ್ಕೂ ಅವನೇ. ಕುಣಿಗಲ್ ತಾಲ್ಲೂಕಿನವನು, ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನ ಅಂಚಿನ ಊರು. ಆಫೀಸಿನಲ್ಲಿ ನನ್ನನ್ನು ಸಾರ್ ಎನ್ನುತ್ತಿದ್ದವನು ರೈಲು ನಮ್ಮ ರಾಜ್ಯ ದಾಟಿದ ಕೂಡಲೇ ಚಂದ್ರಣ್ಣ ಎನ್ನಲು ಶುರು ಮಾಡುತ್ತಿದ್ದ. ಅಷ್ಟು ದೂರದಲ್ಲಿ ಕನ್ನಡ ಆಡುವವರು ನಾವಿಬ್ಬರೇ ಆದ್ದರಿಂದ ನಾನೂ ಸುಮ್ಮನಿದ್ದೆ.

ಅವನ ಚೀಲದಲ್ಲಿ ಎಂಟು ಸೇರು ರಾಗಿ ಹಿಟ್ಟು ಇರುತ್ತಿತ್ತು. ಮೇಲೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿತಕ್ಕೆ ಏನೂ ಬೇಯುವುದಿಲ್ಲ. ನಂಜುಂಡ ಮೂರು ದಿನ ಹಸಿ ಮುದ್ದೆ ಮಾಡಿ ಪಾತ್ರೆಯನ್ನೇ ಬೈದ.

"ಕೊತಕೊತ ಅಂತದೆ ಕಣಣ್ಣ, ಬೇಯಾಕಿಲ್ಲ ಅಂತದೆ. ಇದೆಂಥಾ ನೀರು?"

ಕೊನೆಗೆ ಮುಚ್ಚಳದ ಮೇಲೆ ಕಲ್ಲು ಹೇರಿ, ಗಂಟೆಗಟ್ಟಲೆ ಕಾಯಿಸಿ, ಹೇಗೋ ಒಂದು ಹದಕ್ಕೆ ತಂದ. ನಮ್ಮ ಜೊತೆಗಿದ್ದ ನಾಲ್ಕು ಮಂದಿ ಸ್ಥಳೀಯ ಹೊರೆಯಾಳುಗಳು ಅದನ್ನು ನುಂಗುವುದು ಕಲಿತರು. ಅಗಿಯಬಾರದು ಎಂದು ಅವನು ಸನ್ನೆಯಲ್ಲಿ ಹೇಳಿಕೊಡುತ್ತಿದ್ದುದನ್ನು ನೋಡಿ ನಾನು ಹೊಟ್ಟೆ ಹಿಡಿದು ನಕ್ಕಿದ್ದೇನೆ.

ಅವರಿಗೆ ನಕ್ಷೆ ಹೇಳಿಕೊಟ್ಟವನೂ ಅವನೇ. ನಕ್ಷೆಯಲ್ಲಿ ಬೆಟ್ಟದ ಸುತ್ತ ಕಂದು ಬಣ್ಣದ ಗೆರೆಗಳು ಇರುತ್ತವೆ. ಒಂದೊಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತದೆ. ತರಬೇತಿಯಲ್ಲಿ ನನಗೆ ಇದನ್ನು ತಲೆಗೆ ತುಂಬಲು ಮೇಷ್ಟರಿಗೆ ವಾರ ಹಿಡಿಯಿತು. ನಂಜುಂಡ ತೊರೆಯ ಪಕ್ಕದಲ್ಲಿ ಮಣ್ಣು ಗುಡ್ಡೆ ಮಾಡಿ, ಸುತ್ತ ನೀರು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ನೀರು ನಿಂತಲ್ಲೆಲ್ಲ ಕಡ್ಡಿಯಿಂದ ಗೆರೆ ಎಳೆದ.

"ಬೇಸಿಗೇಲಿ ನಮ್ಮ ಡ್ಯಾಮಿನ ನೀರು ಇಳೀತದಲ್ಲ, ದಡದಲ್ಲಿ ಗೆರೆ ಗೆರೆ ಬುಟ್ಟೋಯ್ತದೆ. ಅದೇ ಕಣಣ್ಣ ಇದು. ಇದಕ್ಯಾಕೆ ಅಷ್ಟು ದೊಡ್ಡ ಪುಸ್ತಕ?"

ಆಮೇಲೆ ನಾನು ಹೊಸಬರಿಗೆ ಪಾಠ ಮಾಡಬೇಕಾದಾಗಲೆಲ್ಲ ಇದನ್ನೇ ಹೇಳಿದ್ದೇನೆ. ಹೇಳಿಕೊಟ್ಟವನು ಯಾರು ಎಂದು ಮಾತ್ರ ಹೇಳಲಿಲ್ಲ.

ನಮ್ಮ ಕೆಲಸ ಇಷ್ಟು. ಉಪಗ್ರಹದಿಂದ ತೆಗೆದ ಚಿತ್ರ ಕೈಯಲ್ಲಿರುತ್ತದೆ. ಅದನ್ನು ನೆಲಕ್ಕೆ ಸರಿಯಾಗಿ ಕೂರಿಸಬೇಕಾದರೆ ಅಲ್ಲಲ್ಲಿ ಕೆಲವು ಬಿಂದುಗಳ ಜಾಗ, ಎತ್ತರ ಎರಡೂ ಕರಾರುವಾಕ್ಕಾಗಿ ಗೊತ್ತಿರಬೇಕು. ಅದಕ್ಕೆ ಬೆಟ್ಟದ ತಲೆ ಹತ್ತಿ, ಟ್ರೈಪಾಡಿನ ಮೇಲೆ ಜಿಪಿಎಸ್ ಉಪಕರಣ ಕೂರಿಸಿ, ಅಲುಗಾಡಿಸದೆ ಆರು ಗಂಟೆ ಕಾಯಬೇಕು. ಅರ್ಧ ಗಂಟೆಗೊಮ್ಮೆ ಎಷ್ಟು ಉಪಗ್ರಹ ಸಿಗುತ್ತಿವೆ, ಬ್ಯಾಟರಿ ಎಷ್ಟಿದೆ ಎಂದು ಹಾಳೆಯ ಕಾಲಂಗಳಲ್ಲಿ ಬರೆಯಬೇಕು. ಮಧ್ಯದಲ್ಲಿ ನಿಲ್ಲಿಸಿದರೆ ಇನ್ನೊಂದು ದಿನ ಮತ್ತೆ ಮೊದಲಿನಿಂದ. ಹನ್ನೊಂದು ಬಿಂದುಗಳಲ್ಲಿ ಹತ್ತು ಮುಗಿಸಿದ್ದೆವು. ಹನ್ನೊಂದನೆಯದು ಎಲ್ಲಕ್ಕಿಂತ ಎತ್ತರದ್ದು, ಎಲ್ಲಕ್ಕಿಂತ ದೂರದ್ದು.

ಅದರ ಬುಡದಲ್ಲಿ ನಿಂತು ನಂಜುಂಡ ಟೊಪ್ಪಿ ತೆಗೆದು ಕತ್ತೆತ್ತಿ ನೋಡಿದ. "ನಮ್ಮ ಹುಲಿಯೂರುದುರ್ಗದ ಬೆಟ್ಟಾನ ಒಂದರ ಮೇಲೊಂದು ಪೇರಿಸ್ಕಂಡು ಹೋದ್ರೂ ಇದರ ಮಂಡಿಗೆ ಬರಾಕಿಲ್ಲ" ಎಂದ. ಆಗಲೇ ಹಿಮ ಬೀಳುವ ಕಾಲ ಹತ್ತಿರ ಬಂದಿತ್ತು. ಒಂದೊಂದು ದಿನ ಕಡಿಮೆ ಎತ್ತರದಲ್ಲಿ ತಂಗಿ ಮೈಗೆ ಒಗ್ಗಿಸಿಕೊಂಡು ಹತ್ತಬೇಕು ಎಂಬುದು ಕ್ರಮ. ನಾನು ಎರಡು ದಿನದ ತಂಗುವಿಕೆಯನ್ನು ಒಂದಕ್ಕೆ ಇಳಿಸಿದೆ. ಅದನ್ನೂ ನಾನೇ ಮಾಡಿದ್ದು.

ಕೊನೆಯ ದಿನ ನಸುಕಿನಲ್ಲೇ ಹೊರಡುವಾಗ ನಂಜುಂಡ ಮುದ್ದೆಯನ್ನು ಅರ್ಧಕ್ಕೆ ಬಿಟ್ಟ. ಅವನು ಮುದ್ದೆ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೇಳಲಿಲ್ಲ. ಏಳು ಗಂಟೆಗೆ ತುದಿಯಲ್ಲಿ ಉಪಕರಣ ಕೂರಿಸಿದೆವು. ಆಕಾಶ ತೊಳೆದಿಟ್ಟ ಹಾಗಿತ್ತು, ಸುತ್ತ ಎತ್ತ ನೋಡಿದರೂ ಬೆಟ್ಟ, ಹೆಸರಿಲ್ಲದ ಬೆಟ್ಟ. ನಾನು ಖುಷಿಯಲ್ಲಿದ್ದೆ. ಹತ್ತು ಗಂಟೆಯ ಸುಮಾರಿಗೆ ಹಾಳೆ ನೋಡಿದರೆ ನಂಜುಂಡನ ಅಂಕಿಗಳು ಕಾಲಂ ಬಿಟ್ಟು ಪಕ್ಕಕ್ಕೆ ಜಾರುತ್ತಿವೆ. ಅವನ ಕೈಬರಹ ಶಾಲೆಯ ಕಾಪಿ ಪುಸ್ತಕದಂತೆ ದುಂಡಗೆ ಇರುತ್ತಿತ್ತು.

"ಏನ್ಲಾ ಇದು? ನೆಟ್ಟಗೆ ಬರಿಯೋಕಾಗಲ್ವಾ?" ಎಂದು ಗದರಿದೆ. ಅವನು "ಆಯ್ತಣ್ಣ" ಎಂದು ಮುಂದಿನ ಸಾಲನ್ನು ಇನ್ನೂ ಸೊಟ್ಟಗೆ ಬರೆದ.

ಹನ್ನೊಂದಕ್ಕೆ ವಾಂತಿ ಮಾಡಿಕೊಂಡ. ಬಂಡೆಗೆ ಒರಗಿ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ತಲೆ ಸಿಡೀತೈತೆ ಚಂದ್ರಣ್ಣ. ಇಳ್ದುಬುಡಾನ" ಎಂದ. ಹೊರೆಯಾಳುಗಳಲ್ಲಿ ಹಿರಿಯನಾದವನು ನನ್ನ ಭುಜ ಮುಟ್ಟಿ ಕೆಳಗೆ ತೋರಿಸಿದ. ಅವನ ಭಾಷೆ ನನಗೆ ಬರುತ್ತಿರಲಿಲ್ಲ, ಆದರೆ ಅವನು ಹೇಳಿದ್ದು ಅರ್ಥವಾಗದಷ್ಟು ದಡ್ಡ ನಾನಲ್ಲ. ಗಡಿಯಾರ ನೋಡಿಕೊಂಡೆ. ಉಪಕರಣ ಕೂರಿಸಿ ನಾಲ್ಕು ಗಂಟೆ ಆಗಿತ್ತು. ಈಗ ನಿಲ್ಲಿಸಿದರೆ ಮತ್ತೆ ಹತ್ತಬೇಕು. ಹಿಮ ಬಿದ್ದರೆ ಇಡೀ ವರ್ಷದ ಕೆಲಸ ಒಂದು ಬಿಂದುವಿಗಾಗಿ ಅರ್ಧಕ್ಕೆ ನಿಲ್ಲುತ್ತದೆ.

ನಂಜುಂಡನ ಬೆನ್ನ ಮೇಲೆ ಕೈಯಿಟ್ಟು ಹೇಳಿದೆ: "ಇನ್ನೆರಡು ಗಂಟೆ ಕಣೋ. ತಡ್ಕೋ."

ಅವನು ತಡೆದುಕೊಂಡ. ಮಧ್ಯಾಹ್ನ ಒಂದು ಗಂಟೆಗೆ ಉಪಕರಣ ನಿಲ್ಲಿಸುವಾಗ ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಇನ್ನೊಮ್ಮೆ ಅಳೆಯಬೇಕು. ಅಭ್ಯಾಸಬಲದಿಂದ ಅವನೇ ಎದ್ದು ಬಂದು ಟೇಪು ಹಿಡಿದ. ಮೂರು ಸಲ ಓದಿದ, ಮೂರು ಸಲವೂ ಬೇರೆ ಬೇರೆ ಅಂಕಿ. ಅದಕ್ಕೂ ಬೈದೆ. ಟೇಪನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ಅಳೆದು ಬರೆದುಕೊಂಡೆ. ಬರೆದು ತಲೆಯೆತ್ತುವಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂದು ದಾರಿಯನ್ನು ಮುಚ್ಚಿಬಿಟ್ಟಿತ್ತು. ಹನ್ನೊಂದಕ್ಕೆ ಹೊರಟಿದ್ದರೆ ಅಷ್ಟು ಹೊತ್ತಿಗೆ ಕೆಳಗಿನ ಡೇರೆಯಲ್ಲಿ ಇರುತ್ತಿದ್ದೆವು. ಈಗ ಒಂದು ಹೆಜ್ಜೆ ತಪ್ಪಿದರೂ ಪ್ರಪಾತ. ಮರುದಿನ ಬೆಳಗಿನವರೆಗೆ ಬಂಡೆಯ ಮರೆಯಲ್ಲಿ ಇರಬೇಕಾಯಿತು.

ಬೆಳಕು ಹರಿದಾಗ ನಂಜುಂಡ ಬೂಟನ್ನು ಕೈಗೆ ಹಾಕಿಕೊಳ್ಳುತ್ತಿದ್ದ. ಬಹಳ ಶ್ರದ್ಧೆಯಿಂದ, ದಾರವನ್ನೂ ಕಟ್ಟಲು ನೋಡುತ್ತಿದ್ದ. ನಾನು ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ.

ಹೊರೆಯಾಳುಗಳು ಉಪಕರಣವನ್ನು ಕೆಳಗಿಟ್ಟು, ಬಿದಿರಿನ ಬುಟ್ಟಿಯಲ್ಲಿ ಅವನನ್ನು ಕೂರಿಸಿ, ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಸರದಿಯ ಮೇಲೆ ಹೊತ್ತರು. ಇಳಿದ ಮೇಲೆ ಸೈನ್ಯದ ಗಾಡಿ ಸಿಕ್ಕಿತು, ಆಸ್ಪತ್ರೆ ಸಿಕ್ಕಿತು. ಎತ್ತರಕ್ಕೆ ಮಿದುಳು ಊದಿಕೊಂಡಿದೆ, ಅದೇ ಮಧ್ಯಾಹ್ನ ಇಳಿಸಬೇಕಿತ್ತು ಎಂದರು ಡಾಕ್ಟರು. ಮಂಜು ಮುಚ್ಚಿಕೊಂಡಿತು ಸಾರ್ ಎಂದೆ. ಅವನ ಹೆಂಡತಿ ರತ್ನಮ್ಮ ಆರು ವರ್ಷದ ಮಗಳು ಸುಮಾಳನ್ನು ಕರೆದುಕೊಂಡು ರೈಲಿನಲ್ಲಿ ಮೂರು ದಿನ ಪ್ರಯಾಣ ಮಾಡಿ ಬಂದಾಗ ಅವರಿಗೂ ಅದನ್ನೇ ಹೇಳಿದೆ. ಮಂಜು ಮುಚ್ಚಿಕೊಂಡದ್ದು ಸುಳ್ಳಲ್ಲ. ಅಷ್ಟನ್ನೇ ಹೇಳಿ ಹದಿನೆಂಟು ವರ್ಷ ಕಳೆದೆ.

ಜೀವ ಉಳಿಯಿತು. ನಂಜುಂಡ ಉಳಿದನೆಂದು ಹೇಳುವುದು ಕಷ್ಟ. ಕಾಲು ಎಳೆಯುತ್ತದೆ, ಕೈ ನಡುಗುತ್ತದೆ, ಮಾತು ದಿನಕ್ಕೆ ನಾಲ್ಕೋ ಐದೋ. ಮನೆಯವರ ಗುರುತು ಇದೆ, ನನ್ನದೂ ಇದೆ. ರತ್ನಮ್ಮ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿ ಸಂಸಾರ ಎಳೆದರು. ನಾನು ಎಲ್ಲೇ ಕೆಲಸದಲ್ಲಿರಲಿ, ವರ್ಷಕ್ಕೆ ಎರಡು ಸಲ ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ಅವರ ಊರಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಬೇಸಿಗೆಯಲ್ಲಿ ಹೋದರೆ ನಾವಿಬ್ಬರೂ ಹಿನ್ನೀರಿನ ದಡದಲ್ಲಿ ಕೂರುತ್ತಿದ್ದೆವು. ಇಳಿದ ನೀರು ಬಿಟ್ಟುಹೋದ ಗೆರೆಗಳನ್ನು ಅವನು ಬೆರಳಿನಿಂದ ತೋರಿಸುತ್ತಿದ್ದ, ನಾನು ಆ ಬೆಟ್ಟದ ಕಥೆ ಹೇಳುತ್ತಿದ್ದೆ: ಬೇಯದ ಮುದ್ದೆಯ ಕಥೆ, ಹೊರೆಯಾಳುಗಳಿಗೆ ಅದನ್ನು ನುಂಗಲು ಕಲಿಸಿದ ಕಥೆ. ಅವನ ಮುಖ ಅರಳುತ್ತಿತ್ತು. ಕೊನೆಯ ಬಿಂದುವಿನ ಕಥೆ ನಾನು ಎತ್ತುತ್ತಿರಲಿಲ್ಲ.

ಊರಿನವರು ನನ್ನನ್ನು ಕಂಡರೆ "ನೀವಿಲ್ದಿದ್ರೆ ನಂಜುಂಡ ಅಲ್ಲೇ ಹೋಗ್ಬುಡ್ತಿದ್ದ" ಎಂದು ಕೈ ಮುಗಿಯುತ್ತಿದ್ದರು. ಕೈ ಮುಗಿಸಿಕೊಂಡು ಬಸ್ಸು ಹತ್ತುತ್ತಿದ್ದೆ.

ಇನ್ನೊಂದು ಸಂಗತಿ ಇದೆ. ಸುಮಾ ಚಿಕ್ಕವಳಿದ್ದಾಗ ಒಮ್ಮೆ ನಾನು ಹೋದ ದಿನ ಅವಳಿಗೆ ಜ್ವರ ಬಂದಿತ್ತು. ನಂಜುಂಡ ಕಾಲೆಳೆದುಕೊಂಡು ಬಂದು ಹಾಸಿಗೆಯ ಪಕ್ಕ ಕೂತು, ಮಗುವಿನ ಬೆನ್ನ ಮೇಲೆ ನಡುಗುವ ಕೈಯಿಟ್ಟು, "ಇನ್ನೆರಡು ಗಂಟೆ ಕಣೋ. ತಡ್ಕೋ" ಎಂದ. ನಾನು ಎದ್ದು ಹೊರಗೆ ಬಂದೆ. ದೊಡ್ಡವಳಾದ ಮೇಲೆ ಸುಮಾಳೇ ನಗುತ್ತಾ ಹೇಳಿದಳು: "ದೊಡ್ಡಪ್ಪ, ಮನೇಲಿ ಯಾರಿಗೆ ನೋವಾದ್ರೂ ಅಪ್ಪ ಇದೊಂದೇ ಮಾತು ಹೇಳೋದು. ನನ್ನೂ ಕಣೋ ಅಂತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನ ಭಯ ಆದಾಗಲೂ ಅದೇ. ಅದು ಕೇಳಿದ್ರೇನೇ ಧೈರ್ಯ ಬರೋದು." ನಾನು ನಕ್ಕು ತಲೆಯಾಡಿಸಿದೆ. ಆ ಮಾತು ಎಲ್ಲಿಂದ ಬಂತೆಂದು ಈ ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಶಾಮಿಯಾನ ಎದ್ದು ನಿಂತಿತು. ತಿಂಡಿಯಾದ ಮೇಲೆ ರತ್ನಮ್ಮ ನನ್ನನ್ನೂ ನನ್ನ ಹೆಂಡತಿಯನ್ನೂ ಒಳಗೆ ಕರೆದರು. "ಅಣ್ಣ, ನಾಳೆ ಧಾರೆ ನೀವಿಬ್ರೂ ಎರ್ದುಕೊಡ್ಬೇಕು. ಇವರ ಕೈಲಿ ಗಿಂಡಿ ನಿಲ್ಲಲ್ಲ. ಸುಮಾನೂ ದೊಡ್ಡಪ್ಪನೇ ಎರೀಲಿ ಅಂತಾಳೆ."

ನನ್ನ ಹೆಂಡತಿ "ಅದಕ್ಕೇನಂತೆ, ಎರೆದ್ರಾಯ್ತು" ಎಂದುಬಿಟ್ಟಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ. ಅಪ್ಪನಾದವನು ನಿಲ್ಲಬೇಕಾದ ಜಾಗ ಅದು. ಅವನು ಅಲ್ಲಿ ನಿಲ್ಲಲಾಗದಂತೆ ಮಾಡಿದವನು ನಾನು. ಊರವರ ಕೈಯಲ್ಲಿ ನಮಸ್ಕಾರ ಮಾಡಿಸಿಕೊಂಡಿದ್ದೆ, ಮಗುವಿನ ಬಾಯಲ್ಲಿ ದೊಡ್ಡಪ್ಪ ಅನಿಸಿಕೊಂಡಿದ್ದೆ, ಇದೊಂದನ್ನು ಮಾತ್ರ ಸುಮ್ಮನೆ ತೆಗೆದುಕೊಳ್ಳಲು ಆಗಲಿಲ್ಲ.

ಮಧ್ಯಾಹ್ನ ನೆಂಟರೆಲ್ಲ ಉಂಡು ಅಡ್ಡಾದಾಗ ರತ್ನಮ್ಮ ಹಿತ್ತಲಿನಲ್ಲಿ ಒಬ್ಬರೇ ಕೂತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಎದುರಿಗೆ ಕೂತು, ತಲೆಯೆತ್ತದೆ, ಎಲ್ಲವನ್ನೂ ಹೇಳಿದೆ. ಮುದ್ದೆ ಬಿಟ್ಟದ್ದು, ಸೊಟ್ಟಗಾದ ಅಂಕಿ, ವಾಂತಿ, ಇಳಿಯೋಣ ಎಂದು ಅವನು ಕೇಳಿದ್ದು, ನಾನು ಹೇಳಿದ ಮಾತು. ಅವರು ಕೈಯ ಕೆಲಸ ನಿಲ್ಲಿಸಲಿಲ್ಲ.

"ಗೊತ್ತು" ಎಂದರು.

ನಾನು ತಲೆಯೆತ್ತಿ ನೋಡಿದೆ.

"ಇವರನ್ನ ಮನೆಗೆ ಕರ್ಕಂಡ್ ಬಂದ ಮೊದಲ್ನೇ ವಾರಾನೇ ಗೊತ್ತಾಯ್ತು. ಇವರು ಯಾವತ್ತೂ ಯಾರಿಗೂ ತಡ್ಕೋ ಅಂದೋರಲ್ಲ ಅಣ್ಣ. ನೋವು ಅಂದ್ರೆ ಎದ್ದೋಗಿ ಬಿಸಿನೀರು ಕಾಯ್ಸೋರು. ಆ ಮಾತು ಇವರದ್ದಲ್ಲ, ಯಾರೋ ಇವರಿಗೆ ಹೇಳಿದ್ದು. ಅಲ್ಲಿ ಕನ್ನಡ ಆಡೋರು ನೀವೊಬ್ರೇ ಇದ್ದಿದ್ದು."

"ಮತ್ತೆ ಯಾಕಮ್ಮ ಒಂದು ಮಾತೂ ಕೇಳಲಿಲ್ಲ?"

"ಕೇಳಿದ್ರೆ ನೀವು ಬರೋದು ನಿಲ್ಸಿಬುಡ್ತಿದ್ರಿ. ಆ ಬೆಟ್ಟದ ಮಾತು ಇವರತ್ರ ಆಡಾಕೆ ಇನ್ಯಾರವ್ರೆ? ನೀವು ಬಂದೋದ ಮೇಲೆ ಹದಿನೈದು ದಿನ ಇವರು ಚೆನ್ನಾಗಿ ಉಣ್ತಾರೆ. ಅದಕ್ಕೆ ಸುಮ್ಕಿದ್ದೆ. ಕ್ಷಮಿಸ್ಬುಟ್ಟಿದೀನಿ ಅಂತ ಮಾತ್ರ ತಿಳ್ಕಬ್ಯಾಡಿ."

ಆಗ ಹೊಳೆಯಿತು: ಇಷ್ಟು ವರ್ಷ ಊರೆಲ್ಲ ನನಗೆ ಕೈ ಮುಗಿದರೂ ಈಕೆ ಒಂದು ದಿನವೂ "ನಿಮ್ಮಿಂದ ಇವರು ಉಳಿದರು" ಎಂದಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರಿಗೆ ಗೊತ್ತಿಲ್ಲದ್ದು ಇನ್ನೂ ಒಂದು ಉಳಿದಿತ್ತು. ಕೆಲಸ ಮುಗಿಸಿ ಆಫೀಸಿಗೆ ಬಂದ ಮೇಲೆ ಆ ಆರು ಗಂಟೆಯ ಅಳತೆಯನ್ನು ಕಂಪ್ಯೂಟರಿಗೆ ಹಾಕಿದ್ದೆವು. ಮೊದಲ ನಾಲ್ಕು ಗಂಟೆಯದಷ್ಟನ್ನೇ ಹಾಕಿ ನೋಡಿದರೂ ಲೆಕ್ಕ ಸರಿಯಾಗಿ ಕೂತಿತು. ಕೊನೆಯ ಎರಡು ಗಂಟೆಯಿಂದ ಆ ಬೆಟ್ಟದ ಎತ್ತರ ಒಂದು ಉಗುರಿನಷ್ಟೂ ಬದಲಾಗಲಿಲ್ಲ. ಅದನ್ನೂ ಹೇಳಿದೆ.

ರತ್ನಮ್ಮನ ಕೈಯಲ್ಲಿದ್ದ ತೆಂಗಿನಕಾಯಿ ಅಲ್ಲೇ ನಿಂತಿತು.

"ಅಂದ್ರೆ, ಆ ಎರಡು ಗಂಟೆ ಬೇಕೇ ಇರ್ಲಿಲ್ವಾ?"

"ಇರಲಿಲ್ಲ ತಾಯಿ."

ಅವರು ಕಾಯನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಏನು ಮಾಡಬೇಕೆಂದು ತೋಚದೆ ಉಳಿದ ಚೀಲಗಳಿಗೆ ಕಾಯಿ ತುಂಬಿದೆ. ನೆಂಟರೊಬ್ಬರು ಬಂದು "ನೀವ್ಯಾಕೆ ಸಾರ್ ಮಾಡ್ತೀರಿ" ಎಂದು ಕಸಿದುಕೊಳ್ಳಲು ನೋಡಿದರು, ಕೊಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ರತ್ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿದ್ದವು.

"ಇದನ್ನ ಇವತ್ತೇ ಹೇಳ್ಬೇಕಿತ್ತಾ?" ಎಂದರು. ಆಮೇಲೆ ನಾನು ತುಂಬಿದ ಚೀಲಗಳನ್ನು ಗೋಡೆಯ ಕಡೆ ಸರಿಸಿ, "ನೀವು ಎರೆಯೋದು ಬ್ಯಾಡ. ಅವರೇ ಎರೀಲಿ. ನೀವು ಅವರ ಕೈ ಹಿಡ್ಕಳಿ. ಅಷ್ಟು ಮಾಡಿ ಸಾಕು."

ಮರುದಿನ ಕುಣಿಗಲ್‌ನ ಕಲ್ಯಾಣ ಮಂಟಪದಲ್ಲಿ ಧಾರೆ. ನಂಜುಂಡನಿಗೆ ಹೊಸ ಪಂಚೆ ಉಡಿಸಿ, ಶಲ್ಯ ಹೊದಿಸಿ, ರತ್ನಮ್ಮನ ಪಕ್ಕ ನಿಲ್ಲಿಸಿದ್ದರು. ಬೀಳದ ಹಾಗೆ ಹಿಂದಿನಿಂದ ಅವನ ತಮ್ಮ ಸೊಂಟ ಹಿಡಿದಿದ್ದ. ಗಂಡು ಹೆಣ್ಣಿನ ಕೈಗಳ ಮೇಲೆ ತೆಂಗಿನಕಾಯಿ. ಪುರೋಹಿತರು ಹಾಲಿನ ಗಿಂಡಿಯನ್ನು ನಂಜುಂಡನ ಕೈಗೆ ಕೊಟ್ಟರು. ಕೊಟ್ಟ ಕೂಡಲೇ ಅದು ತಟತಟನೆ ಅಲುಗಾಡಿ ಹಾಲು ಅವನ ಪಂಚೆಯ ಮೇಲೆ ಚೆಲ್ಲಿತು. ನಾನು ಮುಂದೆ ಹೋಗಿ ಎರಡು ಕೈಯಿಂದಲೂ ಅವನ ಮುಂಗೈ ಹಿಡಿದೆ. ಮೂವತ್ತೈದು ವರ್ಷ ಅಲುಗಾಡದ ಹಾಗೆ ಉಪಕರಣ ನಿಲ್ಲಿಸಿದ ಕೈ ನನ್ನದು. ಗಿಂಡಿ ಸ್ವಲ್ಪ ನಿಂತಿತು. ಹಾಲಿನ ಎಳೆ ಕಾಯಿಯ ಮೇಲೆ ಬಿತ್ತು. ಸುಮಾ ತಲೆಯೆತ್ತಿ ಅಪ್ಪನನ್ನು ನೋಡಿದಳು, ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಅದನ್ನು ನೋಡಿದ್ದೇ ತಡ, ನನ್ನ ಕೈ ನಡುಗಲು ಶುರುವಾಯಿತು. ತಡೆಯಲು ನೋಡಿದಷ್ಟೂ ಹೆಚ್ಚಾಯಿತು. ಈಗ ಗಿಂಡಿ ಅಲುಗುತ್ತಿದ್ದುದು ಅವನ ಕೈಯಿಂದಲೋ ನನ್ನದರಿಂದಲೋ ಹೇಳಲು ಬರುತ್ತಿರಲಿಲ್ಲ. ಪುರೋಹಿತರು ಮಂತ್ರ ನಿಲ್ಲಿಸಿ ನಮ್ಮ ಕಡೆ ನೋಡಿದರು. ನಂಜುಂಡ ನಿಧಾನವಾಗಿ ಕತ್ತು ತಿರುಗಿಸಿದ. ನನ್ನ ಮುಖವನ್ನು, ನನ್ನ ಕಣ್ಣನ್ನು ಸ್ವಲ್ಪ ಹೊತ್ತು ನೋಡಿದ. ಬಿಡುವಾಗಿದ್ದ ಎಡಗೈಯನ್ನು ಎತ್ತಿ, ತಡಕಾಡಿ ತಂದು, ನನ್ನ ಬೆನ್ನ ಮೇಲಿಟ್ಟ.

"ಇನ್ನೆರಡು ಗಂಟೆ ಕಣೋ" ಎಂದ. "ತಡ್ಕೋ."

ರತ್ನಮ್ಮ ನನ್ನ ಕಡೆ ನೋಡಲಿಲ್ಲ. ಗಿಂಡಿಯಲ್ಲಿ ಇನ್ನೂ ಅರ್ಧ ಹಾಲಿತ್ತು, ನಾವಿಬ್ಬರೂ ಸೇರಿ ಎರೆದೆವು.